ಇಸಬಿಗೆ ಕ್ರೀಮೋ, ಆಯಿಂಟ್‌ಮೆಂಟೋ, ಟ್ಯಾಕ್ರೊಲಿಮಸ್ಸೋ?

ನನಗೆ ಇಸಬು ಬರುವುದು ಮೂರು ಕಡೆ: ಕೈಬೆರಳು, ಮೊಣಕೈ ಮಡಿಕೆ, ಕಣ್ಣಿನ ರೆಪ್ಪೆ. ಚರ್ಮದ ಡಾಕ್ಟರ್ ಬರೆದುಕೊಟ್ಟಿದ್ದನ್ನೆಲ್ಲ ಹಚ್ಚಿ ನೋಡಿದ್ದೇನೆ. ಎಲ್ಲ ಕಡೆಗೂ ಒಂದೇ ಟ್ಯೂಬ್ ಆಗುವುದಿಲ್ಲ.

ಮೊದಲು ಮೊಮೆಟಾಸೋನ್ ಅನ್ನುವ ಸ್ಟಿರಾಯ್ಡ್ ಔಷಧಿ. ಕ್ರೀಮಿನಲ್ಲೂ ಶೇ 0.1, ಆಯಿಂಟ್‌ಮೆಂಟಿನಲ್ಲೂ ಶೇ 0.1. ಆದರೆ ಕೆಲಸ ಬೇರೆ ಬೇರೆ. ಕ್ರೀಮಿನಲ್ಲಿ ನೀರಿನಂಶ ಇರುವುದರಿಂದ ಬೇಗ ಇಂಗುತ್ತದೆ, ಅಂಗಿಗೆ ಜಿಡ್ಡಾಗುವುದಿಲ್ಲ. ಮೊಣಕೈ ಮಡಿಕೆ ಕೆಂಪಾಗಿ ನೀರು ಒಸರುವಾಗ ಇದೇ ಹಿತ. ಪಾತ್ರೆ ತೊಳೆದು ತೊಳೆದು ಬಿರುಕು ಬಿಟ್ಟ ಬೆರಳಿಗೆ ಮಾತ್ರ ಅದು ಚುರ್ ಅನ್ನುತ್ತಿತ್ತು. ಅಲ್ಲಿ ಆಯಿಂಟ್‌ಮೆಂಟೇ ಸರಿ. ಅದರ ಜಿಡ್ಡು ಚರ್ಮದ ತೇವ ಆರಲು ಬಿಡುವುದಿಲ್ಲ, ಔಷಧಿಯೂ ಚೆನ್ನಾಗಿ ಒಳಗಿಳಿಯುತ್ತದೆ. ಹಗಲು ಕಿರಿಕಿರಿ ನಿಜ, ಮುಟ್ಟಿದ್ದೆಲ್ಲ ಅಂಟಂಟು. ಹಾಗಾಗಿ ನಾನು ಹಚ್ಚುವುದು ರಾತ್ರಿ ಮಲಗುವಾಗ. ಬಿರುಕು ಕೂಡಿಕೊಂಡ ಮೇಲೆ ಫೋನು ಮತ್ತೆ ನನ್ನ ಹೆಬ್ಬೆರಳ ಗುರುತು ಹಿಡಿಯಿತು. ಎಷ್ಟು ಖುಷಿಯಾಯಿತು ಗೊತ್ತಾ!

ಅಳತೆಯೂ ಮುಖ್ಯ. ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಸ್ಟಿರಾಯ್ಡ್ ಅಂತ ಹೆದರಿ ಸುಮ್ನೆ ಚುಕ್ಕೆ ಇಟ್ಟರೆ ಇಸಬು ತಗ್ಗುವುದಿಲ್ಲ.

ರೆಪ್ಪೆಯ ವಿಷಯ ಬೇರೆ. ಅಲ್ಲಿ ಚರ್ಮ ತುಂಬಾ ತೆಳು. ಜೋರಾದ ಸ್ಟಿರಾಯ್ಡ್ ಬಹಳ ದಿನ ಹಚ್ಚಿದರೆ ಇನ್ನೂ ತೆಳುವಾಗುತ್ತದೆ, ಕಣ್ಣಿನ ಒತ್ತಡವೂ ಏರಬಹುದು. ಅದಕ್ಕೇ ಡಾಕ್ಟರ್ ಶೇ 0.03ರ ಟ್ಯಾಕ್ರೊಲಿಮಸ್ ಕೊಟ್ಟರು. ಇದು ಸ್ಟಿರಾಯ್ಡ್ ಅಲ್ಲ, ಚರ್ಮವನ್ನು ತೆಳು ಮಾಡುವುದಿಲ್ಲ. ಶುರುವಿನಲ್ಲಿ ಮೆಣಸಿನಕಾಯಿ ಹೆಚ್ಚಿದ ಕೈ ತಾಗಿದಂತೆ ಉರಿಯುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಮೊಮೆಟಾಸೋನ್‌ನಷ್ಟು ಬೇಗ ಕೆಂಪು ಇಳಿಯಲಿಲ್ಲ, ಬೆಲೆಯೂ ಜಾಸ್ತಿ. ಆದರೂ ರೆಪ್ಪೆಗೆ ನನ್ನ ಆಯ್ಕೆ ಇದೇ.

ಇನ್ನೊಂದು ಟ್ಯೂಬ್ ಇದೆ. ತುರಿಕೆ ಅಂದ ತಕ್ಷಣ ಮೆಡಿಕಲ್ ಶಾಪಿನಲ್ಲಿ ಕೈಗಿಡುವಂಥದ್ದು: ಕ್ಲೋಬೆಟಾಸೋಲ್, ಶಿಲೀಂಧ್ರದ ಔಷಧಿ, ಆಂಟಿಬಯಾಟಿಕ್ ಮೂರೂ ಒಂದರಲ್ಲೇ. ಇದನ್ನು ನಾನು ಹಚ್ಚಿಲ್ಲ, ದಯವಿಟ್ಟು ನೀವೂ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಕ್ಲೋಬೆಟಾಸೋಲ್ ಅತಿ ಜೋರಾದ ಸ್ಟಿರಾಯ್ಡ್. ಇರುವುದು ಹುಳುಕಡ್ಡಿಯಾದರೆ ಮೇಲಿನ ಕೆಂಪು, ತುರಿಕೆ ಅಡಗುತ್ತದೆ, ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಅಂದಿದ್ದು ಸುಮ್ಮನೆ ಅಲ್ಲ. ಇಸಬೋ ಹುಳುಕಡ್ಡಿಯೋ ಅನ್ನುವ ಅನುಮಾನವಿದ್ದರೆ ಡಾಕ್ಟರ್ ಚರ್ಮದ ಹೊಟ್ಟು ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನೋವಾಗುವುದಿಲ್ಲ, ಹೆಚ್ಚು ಹೊತ್ತೂ ಹಿಡಿಯುವುದಿಲ್ಲ.