ಹಡರ್ಸ್‌ಫೀಲ್ಡ್ ರಗ್ಬಿ ವಾಕ್: ಆ ಆರು ಶಿಲ್ಲಿಂಗ್‌ಗೋಸ್ಕರ ಆದ್ರೂ ಹೋಗಿ

ಇಂಗ್ಲೆಂಡಿನ ಲೀಡ್ಸ್‌ನಿಂದ ಟ್ರೈನಲ್ಲಿ ಹತ್ರಾನೇ ಅಲ್ವಾ ಅಂತ ಹೋದ ಶನಿವಾರ ಹಡರ್ಸ್‌ಫೀಲ್ಡಲ್ಲಿ ರಗ್ಬಿ ಹಿಸ್ಟರಿ ವಾಕ್ ಮಾಡ್ಕೊಂಡ್ ಬಂದ್ವಿ. ನಂಗೆ ರಗ್ಬಿ ರೂಲ್ಸ್ ಇವತ್ತಿಗೂ ತಲೆಗೆ ಹತ್ತಲ್ಲ, ನಮ್ಮನೆಯವ್ರ ಬಲವಂತಕ್ಕೆ ಹೋಗಿದ್ದು. ನಡೆಸೋರ ಹೆಸರು ಹಾಕಲ್ಲ, ಸ್ವಲ್ಪ ಬೈಯೋದಿದೆ.

ಮೊದಲ ಮುಕ್ಕಾಲು ಗಂಟೆ ವೇಸ್ಟ್. ಸ್ಟೇಷನ್ ಮುಂದೆ ಹಳೇ ಪ್ರಧಾನಿ ಹೆರಾಲ್ಡ್ ವಿಲ್ಸನ್ ಪ್ರತಿಮೆ ಹತ್ರ ನಿಲ್ಲಿಸ್ಕೊಂಡು ಸ್ಟೇಷನ್ ಕಂಬಗಳ ಕಥೆ ಹೇಳಿದ್ದೇ ಹೇಳಿದ್ದು, ಮೇಲಿಂದ ಜಿಟಿಜಿಟಿ ಮಳೆ, ಹಿಂದೆ ನಿಂತವ್ರಿಗೆ ಒಂದಕ್ಷರ ಕೇಳಿಸ್ಲಿಲ್ಲ.

ಆಮೇಲೆ ಜಾರ್ಜ್ ಹೋಟೆಲ್ ಎದುರು ಬಂದ್ವಿ ನೋಡಿ, ಗೈಡ್ ಬೇರೆ ಮನುಷ್ಯನೇ ಆಗ್ಬಿಟ್ಟ. ಜೇಬಿಂದ ಆರು ಹಳೇ ಶಿಲ್ಲಿಂಗ್ ನಾಣ್ಯ ತೆಗೆದು ನನ್ನ ಅಂಗೈಗೆ ಹಾಕ್ದ. ವಿಕ್ಟೋರಿಯಾ ರಾಣಿ ಮುಖ ಸವೆದು ಮೂಗೇ ಇಲ್ಲ. ಗಲಾಟೆ ಎಲ್ಲಾ ಇದಕ್ಕೇ ಅಂದ.

ವಿಷಯ ಏನಂದ್ರೆ, 1850ರ ಕಾನೂನು ಬಂದ್ಮೇಲೆ ಶನಿವಾರ ಮಧ್ಯಾಹ್ನ 2 ಗಂಟೆಗೆ ಬಟ್ಟೆ ಮಿಲ್ ನಿಲ್ತಿತ್ತು. ಊರಲ್ಲೇ ಮ್ಯಾಚ್ ಇದ್ರೆ ಮಿಲ್ಲಿಂದ ಸೀದಾ ಗ್ರೌಂಡಿಗೆ ಓಡ್ಬಹುದು, ಬೇರೆ ಊರಲ್ಲಾದ್ರೆ ಬೆಳಗ್ಗಿನ ಕೆಲ್ಸ ಬಿಡ್ಬೇಕು, ಬಿಟ್ರೆ ಕೂಲಿ ಕಟ್, ಇನ್ನು ಕಾಲು ಮುರ್ಕೊಂಡ್ರಂತೂ ಮನೇಲಿ ಒಲೆ ಉರಿಯೋದೇ ಕಷ್ಟ. ಹೀಗೆ ಹೋದ ಕೂಲಿನ ಕ್ಲಬ್ ತುಂಬ್ಕೊಟ್ರೆ ಅದಕ್ಕೆ ‘ಬ್ರೋಕನ್ ಟೈಮ್’ ದುಡ್ಡು ಅಂತಿದ್ರು. ಆದ್ರೆ 1886ರಲ್ಲೇ ಆಟ ನಡೆಸೋ ಸಂಸ್ಥೆ ರಗ್ಬಿ ಯೂನಿಯನ್, ಆಟಕ್ಕೆ ದುಡ್ಡು ಮುಟ್ಟೋ ಹಾಗಿಲ್ಲ ಅಂತ ರೂಲ್ ಮಾಡಿತ್ತು. ಉಳ್ಳವ್ರಿಗೇನು, ಶನಿವಾರ ಕೆಲ್ಸಕ್ಕೆ ಹೋಗ್ದಿದ್ರೆ ಅವ್ರಪ್ಪನ ಗಂಟೇನು ಹೋಗುತ್ತೆ! 1893ರಲ್ಲಿ ಈ ಭಾಗದ, ಅಂದ್ರೆ ಯಾರ್ಕ್‌ಷೈರ್‌ನವ್ರು ಸಂಬಳ ಬೇಡ, ಹೋದ ಕೂಲಿ ಮಾತ್ರ ಕೊಡೋಕೆ ಬಿಡಿ ಅಂತ ಕೇಳಿದ್ರೆ 282-136 ವೋಟಲ್ಲಿ ಸೋಲಿಸಿದ್ರು. 1895 ಆಗಸ್ಟ್ 29ಕ್ಕೆ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಇದೇ ಹೋಟೆಲಲ್ಲಿ ಸೇರಿ, ನಿಮ್ಮ ಸಹವಾಸವೇ ಸಾಕು ಅಂತ ನಾರ್ದರ್ನ್ ಯೂನಿಯನ್ ಕಟ್ಕೊಂಡ್ರು. ಅಲ್ಲಿ ಹೋದ ಕೂಲಿಗೆ ದಿನಕ್ಕೆ ಆರು ಶಿಲ್ಲಿಂಗ್. ಇವತ್ತು ಬೇರೆಯದೇ ಆಟವಾಗಿರೋ ರಗ್ಬಿ ಲೀಗ್ ಹುಟ್ಟಿದ್ದು ಅಲ್ಲಿಂದಲೇ.

ಇಲ್ಲಿ ಇನ್ನೊಂದು ಕಂಪ್ಲೇಂಟ್. ಎಲ್ಲಕ್ಕಿಂತ ಒಳ್ಳೇ ಕಥೆನ ನಡ್ಕೊಂಡ್ ಹೋಗ್ತಾ ಎರಡೇ ಮಾತಲ್ಲಿ ಮುಗಿಸ್ಬಿಟ್ಟ, ಕೊನೇಲಿ ಪಬ್‌ನಲ್ಲಿ ಬಿಡದೆ ಮತ್ತೆ ಕೇಳ್ದೆ. ಹ್ಯಾಲಿಫ್ಯಾಕ್ಸ್ ಪ್ಲೇಯರ್ ಜ್ಯಾಕ್ ಕ್ಲೌಸ್, 1888ರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಟೂರಿಗೆ ಬಟ್ಟೆಬರೆ ತಗೊಳೋಕೆ ಅಂತ 15 ಪೌಂಡ್ ಇಸ್ಕೊಂಡಿದ್ದ. ಅಷ್ಟಕ್ಕೇ ಪ್ರೊಫೆಷನಲ್, ಅಂದ್ರೆ ದುಡ್ಡಿಗೆ ಆಡೋನು, ಅಂತ ಹಣೆಪಟ್ಟಿ. ಪಾಪ, ಹಡಗು ಹತ್ತಿ ಭೂಮಿಯ ಆ ತುದಿ ತನಕ ಹೋಗಿ ಒಂದೇ ಒಂದು ಮ್ಯಾಚ್ ಆಡದೆ ವಾಪಸ್ ಬಂದ. ‘ಹೊಸ ಬಟ್ಟೆನಾದ್ರೂ ಹಾಕ್ಕೊಂಡ್ನೋ ಇಲ್ವೋ’ ಅಂದ್ರು ನಮ್ಮನೆಯವ್ರು.

ತಲೆಗೆ 12 ಪೌಂಡ್, ಕೊಡ್ಬಹುದು. ಛತ್ರಿ ತಗೊಂಡ್ಹೋಗಿ, ಗೈಡ್ ಪಕ್ಕಕ್ಕೇ ಅಂಟ್ಕೊಂಡಿರಿ. ಐದಕ್ಕೆ ಮೂರೂವರೆ ಸ್ಟಾರ್. ಅಂದಹಾಗೆ ಆ ಆರು ಶಿಲ್ಲಿಂಗ್ ವಾಪಸ್ ಕೊಟ್ಟಾಗ ಆಸಾಮಿ ಒಂದೊಂದಾಗಿ ಎಣಿಸಿಯೇ ಜೇಬಿಗೆ ಹಾಕ್ಕೊಂಡ.