ಹಳೇ ಮೌಸರ್, ಹೊಸ 308: ಎರಡನ್ನೂ ಹೆಗಲಿಗೆ ಕೊಟ್ಟು ನೋಡಿದ್ದು

ಎರಡು ತಿಂಗಳು ನನ್ನ ಕೈಯಲ್ಲಿ ಎರಡು ಬೇಟೆ ರೈಫಲ್ ಇದ್ದವು. ಒಂದು, ಯಾರೋ ತಮಗೆ ಬೇಕಾದ ಹಾಗೆ ಹೇಳಿ ಮಾಡಿಸಿಕೊಂಡು, ಬಳಸಿ, ಆಮೇಲೆ ಮಾರಿದ್ದು. ಮೌಸರ್ 98 ಆ್ಯಕ್ಷನ್ (ತೋಟಾ ಒಳಗೆ ತಳ್ಳಿ, ಹೊಡೆದು, ಹೊರಗೆ ಎಸೆಯುವ ಯಂತ್ರಭಾಗ), ವಾಲ್‌ನಟ್ ಮರದ ಹಿಡಿ, ನಳಿಗೆಯ ಮೇಲೆ 7×57 ಅಂತ ತೋಟಾದ ಹೆಸರಿನ ಕೆತ್ತನೆ. ಇನ್ನೊಂದು ಫ್ಯಾಕ್ಟರಿಯಲ್ಲಿ ಸಾಲಾಗಿ ತಯಾರಾದದ್ದು, 308 ವಿಂಚೆಸ್ಟರ್ ಅನ್ನುವ ತೋಟಾ ಹೊಡೆಯುವಂಥದ್ದು, ಪ್ಲಾಸ್ಟಿಕ್ ಹಿಡಿ. ಅದು ಸ್ನೇಹಿತನದ್ದು, ಅವನೂ ಮಾರಲು ತಯಾರಿದ್ದ. ಬೆಲೆ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎರಡನ್ನೂ ರೇಂಜಿಗೆ ಹೊತ್ತು, ಕಾಗದದ ಮೇಲೆ ಈಡು ಹೊಡೆದು ನೋಡಿಯೇ ತೀರ್ಮಾನ ಮಾಡೋಣ ಅಂದುಕೊಂಡೆ.

ಬೋಲ್ಟ್, ಅಂದರೆ ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಉಕ್ಕಿನ ದಂಡ, ಹಿಂದೆ ಎಳೆದು ಮುಂದೆ ತಳ್ಳಿದಾಗಲೇ ನನ್ನ ಅರ್ಧ ಮನಸ್ಸು ಮೌಸರ್ ಕಡೆ ವಾಲಿತ್ತು. ಯಾರೋ ಕೂತು ಉಜ್ಜಿ ಉಜ್ಜಿ ನಯ ಮಾಡಿದ ಬೋಲ್ಟ್ ಅದು. 1898ರ ಈ ವಿನ್ಯಾಸದಲ್ಲಿ ನನಗೆ ತುಂಬಾ ಇಷ್ಟವಾಗುವುದು ಬೋಲ್ಟಿನ ಪಕ್ಕಕ್ಕೆ ಅಂಟಿಕೊಂಡಿರುವ ಉದ್ದನೆಯ ಉಕ್ಕಿನ ಕೊಕ್ಕೆ. ತೋಟಾ ಮ್ಯಾಗಜೀನಿನಿಂದ ಮೇಲೇಳುತ್ತಿದ್ದಂತೆಯೇ ಅದರ ಬುಡದ ಅಂಚನ್ನು ಕಚ್ಚಿಕೊಳ್ಳುತ್ತದೆ. ಹೊರಗೆ ಎಸೆಯುವವರೆಗೂ ಬಿಡುವುದಿಲ್ಲ. ಡಮ್ಮಿ ತೋಟಾ ತುಂಬಿ, ರೈಫಲನ್ನು ಓರೆ ಹಿಡಿದು, ತಲೆಕೆಳಗು ಮಾಡಿ ಬೋಲ್ಟ್ ಆಡಿಸಿದೆ. ಒಂದೂ ಜಾರಿ ಬೀಳಲಿಲ್ಲ. 308ರಲ್ಲಿ ತೋಟಾ ಸಡಿಲವಾಗಿಯೇ ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿಗೆ, ಓಡುತ್ತದೆ. ಬೋಲ್ಟ್ ಪೂರ್ತಿ ಮುಂದೆ ಹೋದ ಮೇಲೆ ಸಣ್ಣ ಕೊಕ್ಕೆ ಟಕ್ಕನೆ ಕೂರುತ್ತದೆ. ಅದೂ ಒಮ್ಮೆಯೂ ಕೈಕೊಡಲಿಲ್ಲ, ಸುಳ್ಳು ಯಾಕೆ ಹೇಳಲಿ. ಬೋಲ್ಟ್ ಮಾತ್ರ ಕೊನೆಯವರೆಗೂ ಕರಕರ ಅಂತಲೇ ಇತ್ತು. ಇನ್ನೊಂದು ವಿಷಯ. ಅವಸರಕ್ಕೆ ಒಂದು ತೋಟಾ ನೇರ ಚೇಂಬರಿಗೆ ಹಾಕಿ ಮುಚ್ಚುವುದು 308ರಲ್ಲಿ ಸುಲಭ. ಮೌಸರಿನಲ್ಲಿ ಅದನ್ನು ಮಾಡಬಾರದು, ಮ್ಯಾಗಜೀನಿಗೇ ಒತ್ತಬೇಕು.

ಹೆಗಲಿಗೆ ಕೊಟ್ಟಾಗ ಲೆಕ್ಕ ತಿರುಗಿತು. ಮೌಸರ್ ಮಾಡಿಸಿಕೊಂಡವರ ತೋಳು ನನ್ನದಕ್ಕಿಂತ ಉದ್ದ ಇರಬೇಕು. ಹಿಡಿ ಅರ್ಧ ಇಂಚು ಜಾಸ್ತಿ. ದಪ್ಪ ಜಾಕೆಟ್ ಹಾಕಿದ ದಿನ ಹಿಡಿಯ ತುದಿ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಯಾರಿಗೋ ಹೊಲಿಸಿದ ಕೋಟು ನಾನು ಹಾಕಿಕೊಂಡ ಹಾಗೆ. 308 ಯಾರ ಅಳತೆಗೂ ಮಾಡಿದ್ದಲ್ಲ. ಅದಕ್ಕೇ ಏನೋ, ನನಗೂ ಸುಮಾರಾಗಿ ಹೊಂದಿತು.

ಇನ್ನು ಮೊದಲ ದಿನದ ಕಥೆ. ಮೌಸರಿಗೆ ಅಂಗಡಿಯ 7×57 ತೋಟಾ ತುಂಬಿ ಒಂದು ಈಡು ಹೊಡೆದೆ. ಬೆಂಚಿನ ಮೇಲೆ ಬಿದ್ದ ಖಾಲಿ ತೋಟಾ ಎತ್ತಿ ನೋಡಿದರೆ, ಅದು ನಾನು ಹಾಕಿದ ತೋಟಾ ಅಲ್ಲವೇ ಅಲ್ಲ! 7×57ರ ಹಿತ್ತಾಳೆಗೆ, ಅಂದರೆ ಮದ್ದು ತುಂಬಿದ ಕೊಳವೆಗೆ, ಮೈ ಕಿರಿದಾಗಿ ಕುತ್ತಿಗೆ ಸೇರುವ ಕಡೆ ಸುಮಾರು 21 ಡಿಗ್ರಿಯ ಇಳಿಜಾರು ಭುಜ. ಇದರ ಭುಜ ಸೆಟೆದು ನಿಂತಿತ್ತು, ಮೈ ನೆಟ್ಟಗಾಗಿತ್ತು. ಕುತ್ತಿಗೆ ಎಲ್ಲಿ ಶುರುವಾಗುತ್ತದೆ ಅಂತ ಬೆರಳಿಗೇ ಗೊತ್ತಾಗುವಷ್ಟು ಚೂಪು. ಇನ್ನೂ ಬಿಸಿಯಿದ್ದ ಅದನ್ನು ಹೊಸ ತೋಟಾದ ಪಕ್ಕ ನಿಲ್ಲಿಸಿದೆ. ಅಣ್ಣ ತಮ್ಮ ಅನ್ನಬಹುದು, ಅವಳಿ ಅನ್ನಲು ಸಾಧ್ಯವೇ ಇಲ್ಲ. ಅವತ್ತು ಎರಡನೇ ಈಡು ಹೊಡೆಯಲಿಲ್ಲ.

ಕೋವಿ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ಬೇಗ ಕರಗುವ ಮಿಶ್ರಲೋಹವನ್ನು ಚೇಂಬರಿಗೆ ಹೊಯ್ದು, ಅಚ್ಚು ತೆಗೆದು ಅಳೆದರು. ಭುಜ 40 ಡಿಗ್ರಿ. ಅಂದರೆ ಇದು 7×57 ಅಕ್ಲಿ ಇಂಪ್ರೂವ್ಡ್. ಪಿ.ಓ. ಅಕ್ಲಿ ಅನ್ನುವ ಅಮೆರಿಕದ ಕೋವಿ ಕಸುಬಿಯ ಹೆಸರು ಹೊತ್ತ ಬದಲಾವಣೆ. ಹಿತ್ತಾಳೆಯ ಮೈ ನೆಟ್ಟಗೆ ಮಾಡಿ, ಭುಜ ಎತ್ತರಿಸಿ, ಮದ್ದಿಗೆ ಸ್ವಲ್ಪ ಜಾಗ ಜಾಸ್ತಿ ಮಾಡುವುದು. ಸರಿಯಾಗಿ ಕೊರೆದ ಅಕ್ಲಿ ಚೇಂಬರಿನಲ್ಲಿ ಮಾಮೂಲಿ ತೋಟಾ ಹೊಡೆಯಬಹುದು. ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಹೊಸ ಆಕಾರಕ್ಕೆ ಬರುತ್ತದೆ ಅಷ್ಟೇ. ಅವರು ಗೇಜ್ ಹಾಕಿ ನೋಡಿ, ಕೊರೆತ ಸರಿಯಿದೆ ಅಂದರು. ಆದರೆ ಕೆತ್ತನೆ ನಂಬಿ ತೋಟಾ ಹಾಕಿದ್ದು ನನ್ನ ತಪ್ಪು. ಚೇಂಬರ್ ಬೇರೆ ಯಾವುದೋ ತೋಟಾದ್ದಾಗಿದ್ದರೆ ಏನಾಗುತ್ತಿತ್ತೋ. ಮಾಡಿಸಿದ ರೈಫಲ್ ಕೊಳ್ಳುವಾಗ ಈ ಅಚ್ಚು ಮೊದಲೇ ತೆಗೆಸಬೇಕು, ಅಲ್ವಾ? 308ಕ್ಕೆ ಇಂಥ ಯೋಚನೆಯೇ ಬರಲಿಲ್ಲ.

ಗುರಿಯ ವಿಷಯದಲ್ಲೂ ಶುರುವಿನಲ್ಲಿ 308ದೇ ಮೇಲುಗೈ. 100 ಮೀಟರಿಗೆ ಮೂರು ಈಡು, 30 ಮಿಲಿಮೀಟರ್ ಒಳಗೆ. ಮೌಸರ್ 60 ದಾಟಿತು. ಸಾಲದ್ದಕ್ಕೆ ನಳಿಗೆ ಬಿಸಿಯಾದಂತೆ ಗುಂಡು ಬಲಕ್ಕೆ ಸರಿಯುತ್ತಿತ್ತು. ನಳಿಗೆಗೂ ಮರಕ್ಕೂ ನಡುವೆ ಕಾಗದದ ಪಟ್ಟಿ ತೂರಿಸಿ ಹಿಂದಕ್ಕೆ ಎಳೆದೆ. ಅರ್ಧ ದಾರಿಯಲ್ಲಿ ಎಡಗಡೆ ಸಿಕ್ಕಿಕೊಂಡಿತು. ಹಿಡಿಯ ಮುಂತುದಿಯಲ್ಲಿ ನಳಿಗೆಗೆ ಕೆಳಗಿನಿಂದ ಬೇಕೆಂದೇ ಒತ್ತು ಕೊಡುವವರೂ ಇದ್ದಾರೆ. ಇದು ಆ ಜಾತಿಯದಲ್ಲ. ಮರ ತೇವ ಕುಡಿದು ಒಂದೇ ಕಡೆ ವಾಲಿತ್ತು. ಅಲ್ಲಿ ಮರ ಹೆರೆದು ಎಣ್ಣೆ ಹಚ್ಚಿದ ಮೇಲೆ 35 ಮಿಲಿಮೀಟರಿಗೆ ಬಂತು. ನನ್ನ ಕೈಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಪ್ಲಾಸ್ಟಿಕ್ ಹಿಡಿಗೆ ಮಳೆಯೂ ಒಂದೇ, ಬಿಸಿಲೂ ಒಂದೇ. ಆ ಮಾತು ಒಪ್ಪಲೇಬೇಕು.

ತೋಟಾಗಳ ನಡುವೆ 60 ವರ್ಷದ ಅಂತರ. 7×57 ಹುಟ್ಟಿದ್ದು 1892ರಲ್ಲಿ, 308 ಬಂದದ್ದು 1952ರಲ್ಲಿ. ಫ್ಯಾಕ್ಟರಿ ಲೆಕ್ಕದಲ್ಲಿ 7×57ರ 140 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 2,660 ಅಡಿ, 308ರ 150 ಗ್ರೇನ್ ಗುಂಡು 2,820 ಅಡಿ. 7×57 ಹಿಂದೆ ಬಿದ್ದದ್ದಕ್ಕೆ ದೊಡ್ಡ ಕಾರಣ ವಯಸ್ಸಾದ ರೈಫಲ್‌ಗಳು. 1893ರ ಮೌಸರ್‌ಗಳು ಇನ್ನೂ ಬಳಕೆಯಲ್ಲಿವೆ. ಅವುಗಳಿಗೆ ಅಪಾಯ ಆಗದಿರಲಿ ಅಂತ ಅಮೆರಿಕದ ತಯಾರಕರು ಒತ್ತಡವನ್ನು (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಲೆಕ್ಕದಲ್ಲಿ) 51,000 ಪಿಎಸ್‌ಐಗೆ ಕಟ್ಟಿಹಾಕಿದ್ದಾರೆ. 308ಕ್ಕೆ 62,000 ಬಿಟ್ಟಿದ್ದಾರೆ. ನನ್ನ ಮೌಸರಿನಲ್ಲಿ ಹಿತ್ತಾಳೆ ಉಬ್ಬಿಸಲೂ ಸ್ವಲ್ಪ ಶಕ್ತಿ ಖರ್ಚಾಗುತ್ತದೆ. ವೇಗದ ಮೀಟರ್ ಇಟ್ಟು ಅಳೆದಾಗ ಸೆಕೆಂಡಿಗೆ 2,590 ಅಡಿ ಬಂತು.

ಆದರೂ ಹೆಗಲಿಗೆ 7×57 ಎಷ್ಟು ಹಿತ! ಸ್ಕೋಪ್ ಸೇರಿ 4 ಕಿಲೋ ದಾಟುವ ರೈಫಲ್, ಮೆತ್ತಗಿನ ತೋಟಾ. ಒದೆತ ಅನ್ನುವುದಕ್ಕಿಂತ ನೂಕು ಅನ್ನಬಹುದು. 308 ಹಗುರ, ಅದರ ಒದೆತ ಚುರುಕು. ಇಪ್ಪತ್ತು ಈಡು ಆಗುವಷ್ಟರಲ್ಲಿ ಟ್ರಿಗರ್ ಎಳೆಯುವ ಮೊದಲೇ ನನ್ನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಬೆಟ್ಟ ಹತ್ತುವವರು ಮಾತ್ರ 308ರ ತೂಕಕ್ಕೇ ಓಟು ಹಾಕಬಹುದು. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್ ಅವರಿಗೆ ಬಹುಮಾನವಾಗಿ ಸಿಕ್ಕ 275 ರಿಗ್ಬಿ ರೈಫಲ್ ಹೊಡೆಯುತ್ತಿದ್ದುದು ಇದೇ 7×57 ತೋಟಾವನ್ನು. ಬ್ರಿಟಿಷರು ಇಟ್ಟ ಹೆಸರು ಬೇರೆ, ಅಷ್ಟೇ. ಇದು ಮೌಸರ್ ಕೊಳ್ಳಲು ಕಾರಣವೇನೂ ಅಲ್ಲ. ಆದರೂ ತೋಟಾ ತುಂಬುವಾಗ ನೆನಪಾಗದೇ ಇರುವುದಿಲ್ಲ.

ಒಂದೇ ರೈಫಲ್ ಇಟ್ಟುಕೊಳ್ಳುವವರು, ಖಾಲಿ ತೋಟಾಕ್ಕೆ ಮನೆಯಲ್ಲೇ ಮದ್ದು, ಗುಂಡು ತುಂಬಿಕೊಳ್ಳದವರು 308 ತೆಗೆದುಕೊಳ್ಳಿ. ಆ ತೋಟಾದಲ್ಲಿ ಆಯ್ಕೆ ಬಹಳ. ಅಕ್ಲಿಗೆ ತೋಟಾ ತುಂಬುವ ಅಚ್ಚುಗಳೇ ಬೇರೆ. ಒಮ್ಮೆ ಉಬ್ಬಿದ ಹಿತ್ತಾಳೆ ಮಾಮೂಲಿ 7×57 ಚೇಂಬರಿಗೆ ಹಿಡಿಸುವುದೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು 308ನ್ನು ಸ್ನೇಹಿತನಿಗೆ ವಾಪಸ್ ಕೊಟ್ಟು ಮೌಸರ್ ಇಟ್ಟುಕೊಂಡೆ. ಹಿಡಿಯನ್ನು ಅರ್ಧ ಇಂಚು ಕೊಯ್ಯಿಸಿ ಹೊಸ ರಬ್ಬರ್ ಪ್ಯಾಡ್ ಹಾಕಿಸಿದೆ. ರಿಪೇರಿಯವರು ಇನ್ನೇನಾದರೂ ಇದೆಯಾ ಅಂದರು. ನಳಿಗೆಯ ಮೇಲಿನ 7×57ರ ಮುಂದೆ ‘ಅಕ್ಲಿ, 40 ಡಿಗ್ರಿ’ ಅಂತ ಕೆತ್ತಿಕೊಡಿ ಅಂದೆ.