ಬೆರಳಚ್ಚು ಇಲ್ಲದ ಗೊಂಬೆ: 3,200 ರೂಪಾಯಿಯ ಒಂದು ಪೆಟ್ಟಿಗೆ

ನಾನು ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ 31 ವರ್ಷ ದುಡಿದವನು. ಹೆಚ್ಚಿನ ಕಾಲ ಭಟ್ಟಿಯ ಬಾಯಲ್ಲೇ ಕಳೆದೆ. ಮಣ್ಣಿನ ಯಾವ ಸಾಮಾನು ಕೈಗೆ ಸಿಕ್ಕಿದರೂ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನೋಡುವ ಚಾಳಿ ಇನ್ನೂ ಹೋಗಿಲ್ಲ. ಚೆನ್ನಾಗಿ ಬೆಂದದ್ದು ‘ಟಣ್’ ಅನ್ನುತ್ತದೆ. ಅರೆಬೆಂದದ್ದು ‘ದಬ್’ ಅನ್ನುತ್ತದೆ. ಈ ಪೆಟ್ಟಿಗೆಯಲ್ಲಿ ಬಂದ ಕಪ್ಪು ಗೊಂಬೆ ‘ಟಿಕ್’ ಅಂದಿತು. ಸೋಪಿನ ಡಬ್ಬಿ ಬಡಿದ ಹಾಗೆ.

ಐದನೇ ಕ್ಲಾಸಿನ ಮೊಮ್ಮಗಳಿಗೆಂದು ಮಗಳು ಆನ್‌ಲೈನಲ್ಲಿ ತರಿಸಿದ್ದು. ಯುರೋಪಿನಲ್ಲಿ ಇತಿಹಾಸಕ್ಕೂ ಹಿಂದಿನ ಕಾಲದವರು ಮಾಡಿದ ಮೂರ್ತಿಗಳ ನಕಲು ಐದು, ಅದರ ಜೊತೆ ಒಂದು ಪುಟ್ಟ ಸ್ಟೋನ್‌ಹೆಂಜ್, ಅಂದರೆ ಇಂಗ್ಲೆಂಡಿನಲ್ಲಿ ದೊಡ್ಡ ದೊಡ್ಡ ಕಲ್ಲು ವೃತ್ತವಾಗಿ ನಿಲ್ಲಿಸಿದ ಹಳೇ ಜಾಗದ ನಕಲು. ಒಟ್ಟು 3,200 ರೂಪಾಯಿ. ಆಟಿ ತಿಂಗಳ ಮಳೆಯಲ್ಲಿ ಒಂಬತ್ತನೇ ದಿನಕ್ಕೆ ಬಂತು. ರಟ್ಟು ನೆನೆದು ಹಪ್ಪಳದ ಹಿಟ್ಟಿನ ಹಾಗಾಗಿತ್ತು. ಒಳಗೆ ಥರ್ಮಾಕೋಲ್ ಇದ್ದದ್ದರಿಂದ ಬಚಾವ್. ಜೊತೆಗೊಂದು ವಿವರದ ಹಾಳೆ ಉಂಟು. ಅದರಲ್ಲಿ ಆಸ್ಟ್ರಿಯಾ ಇರಬೇಕಾದಲ್ಲಿ ಆಸ್ಟ್ರೇಲಿಯಾ ಅಂತ ಅಚ್ಚು ಹಾಕಿದ್ದಾರೆ. ಮಕ್ಕಳ ಕೈಗೆ ಕೊಡುವ ಕಾಗದ ಅಲ್ವಾ, ಸ್ವಲ್ಪ ನೋಡಬಾರದಾ?

ಆ ಆಸ್ಟ್ರಿಯಾದ ಗೊಂಬೆಯೇ ಇಡೀ ಪೆಟ್ಟಿಗೆಯಲ್ಲಿ ಒಳ್ಳೆಯದು. ವಿಲ್ಲೆನ್‌ಡಾರ್ಫ್ ಎಂಬ ಊರಲ್ಲಿ 1908ರಲ್ಲಿ ಸಿಕ್ಕಿದ ಹೆಂಗಸು. ಅಸಲು ಸುಣ್ಣಕಲ್ಲಿನದ್ದು, ಎತ್ತರ 11 ಸೆಂ.ಮೀ., ವಯಸ್ಸು ಸುಮಾರು 30 ಸಾವಿರ ವರ್ಷ. ಈಗ ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿದೆ. ನಕಲು ಅದೇ ಅಳತೆಗೆ ಉಂಟು. ಕಲ್ಲಿನ ಪುಡಿ ಸೇರಿಸಿ ಎರಕ ಹೊಯ್ದಿರಬೇಕು, ಅಂಗೈಯಲ್ಲಿಟ್ಟರೆ ತೂಕ ಗೊತ್ತಾಗುತ್ತದೆ. ಅಸಲಿಗೆ ಕೆಮ್ಮಣ್ಣು ಬಳಿದ ಗುರುತು ಇದೆಯಂತೆ. ಇವರು ಅದನ್ನೂ ಸಂದಿಸಂದಿಯಲ್ಲಿ ತೆಳ್ಳಗೆ ತೋರಿಸಿದ್ದಾರೆ. ಬೆನ್ನು ತಿರುಗಿಸಿ ನೋಡಿ. ಸೊಂಟ, ಕುಂಡೆ ಎಲ್ಲವನ್ನೂ ಎದುರಿನಷ್ಟೇ ಶ್ರದ್ಧೆಯಿಂದ ತೀಡಿದ್ದಾರೆ. ಎದೆಯ ಮೇಲೆ ಇಟ್ಟ ಕೈಗಳು ಮಾತ್ರ ಕಡ್ಡಿ ಹಾಗೆ ಸಪೂರ. ಪಾದವೇ ಇಲ್ಲ.

“ಅಜ್ಜ, ಇವಳಿಗೆ ಮುಖವೇ ಇಲ್ಲ, ಎಂತಕ್ಕೆ?” ಎಂದಳು ಮೊಮ್ಮಗಳು. ತಲೆ ತುಂಬ ಸುತ್ತು ಸುತ್ತಾಗಿ ಸಾಲು ಮಾತ್ರ. ಜಡೆಯೋ ಟೊಪ್ಪಿಯೋ ಎಂದು ವಿದ್ವಾಂಸರೇ ಇನ್ನೂ ಒಂದು ಮಾತಿಗೆ ಬಂದಿಲ್ಲ. ನಮ್ಮ ಮನೆಯವಳು ಕನ್ನಡಕ ಏರಿಸಿ ನೋಡಿ, “ಒಂದು ಅಟ್ಟೆ ಮಲ್ಲಿಗೆ ತಲೆಗೆ ಸುತ್ತಿಕೊಂಡ ಹಾಗುಂಟು” ಎಂದಳು. ನನಗೂ ಈಗ ಹಾಗೆಯೇ ಕಾಣುತ್ತದೆ.

ಹೋಲೆ ಫೆಲ್ಸ್ ಗುಹೆಯ ಗೊಂಬೆಯೂ ಮೋಸವಿಲ್ಲ. ಜರ್ಮನಿಯಲ್ಲಿ 2008ರಲ್ಲಿ ಸಿಕ್ಕಿದ್ದು. ಅಸಲು ಮ್ಯಾಮತ್ ಎಂಬ ಹಳೇ ಕಾಲದ ಆನೆಯ ದಂತದ್ದು, ಬರೀ 6 ಸೆಂ.ಮೀ. ತಲೆ ಇರಬೇಕಾದಲ್ಲಿ ಒಂದು ಕುಣಿಕೆ. ದಾರ ಪೋಣಿಸಿ ಕೊರಳಿಗೆ ಹಾಕುತ್ತಿದ್ದರೋ ಏನೋ. ಮೊಮ್ಮಗಳು ಅದನ್ನು ನನ್ನ ಕೀ ಗೊಂಚಲಿಗೆ ಸಿಕ್ಕಿಸಿದ್ದಾಳೆ.

ಇನ್ನು ಸಿಂಹದ ತಲೆಯ ಮನುಷ್ಯ. ಪಕ್ಕದ ಮನೆಯವರು ನೋಡಿದ ಕೂಡಲೇ “ನರಸಿಂಹ ಅಲ್ವಾ?” ಎಂದು ಕೈ ಮುಗಿದೇಬಿಟ್ಟರು. ಇದೂ ಜರ್ಮನಿಯದ್ದೇ, ದಂತದ್ದೇ, ಸುಮಾರು 40 ಸಾವಿರ ವರ್ಷದ್ದು. 1939ರಲ್ಲಿ ತುಂಡು ತುಂಡಾಗಿ ಸಿಕ್ಕಿತು. ಅಷ್ಟರಲ್ಲಿ ಯುದ್ಧ ಶುರುವಾಯಿತು. ಆ ತುಂಡುಗಳನ್ನು ಮತ್ತೆ ಯಾರಾದರೂ ಜೋಡಿಸಿ ನೋಡಿದ್ದು 1969ರಲ್ಲಿ. ಅಸಲು 31 ಸೆಂ.ಮೀ., ನಕಲು ಅದರ ಅರ್ಧ. ಸಣ್ಣದು ಮಾಡುವಾಗ ಕಾಲು ತೀರ ತೆಳ್ಳಗಾಗಿದೆ. ಎರಡನೇ ದಿನವೇ ಮೊಣಕಾಲಲ್ಲಿ ಬಿರುಕು ಬಿಟ್ಟಿತು.

ಗ್ರೀಸಿನ ದ್ವೀಪಗಳ ಕೈಕಟ್ಟಿದ ಅಮೃತಶಿಲೆ ಗೊಂಬೆಯ ಬಗ್ಗೆ ಜಾಸ್ತಿ ಹೇಳಲಿಕ್ಕೇನಿಲ್ಲ. ಅಸಲಿನಲ್ಲಿ ಪಾದ ಇಳಿಜಾರು, ನಿಲ್ಲಿಸಲಿಕ್ಕೇ ಆಗುವುದಿಲ್ಲ. ಇವರು ಅಡಿಗೆ ಕಪ್ಪು ಹಲಗೆ ಅಂಟಿಸಿ ಬಹುಮಾನದ ಕಪ್ ಮಾಡಿಬಿಟ್ಟಿದ್ದಾರೆ.

ನನ್ನ ಜಗಳ ಇರುವುದು ಐದನೆಯದರ ಮೇಲೆ. ಮೊದಲೇ ಹೇಳಿದೆನಲ್ಲ, ‘ಟಿಕ್’ ಅಂದದ್ದು. ಡೊಲ್ನಿ ವೆಸ್ತೊನಿಟ್ಸೆ ಎಂಬ ಜಾಗ, ಈಗಿನ ಚೆಕ್ ದೇಶ. 1925ರಲ್ಲಿ ಬೂದಿಯ ನಡುವೆ ಎರಡು ತುಂಡಾಗಿ ಸಿಕ್ಕಿದ ಹೆಂಗಸಿನ ಗೊಂಬೆ. ಇದು ಕಲ್ಲೂ ಅಲ್ಲ, ದಂತವೂ ಅಲ್ಲ. ಮಣ್ಣು ಕಲಸಿ, ತಿದ್ದಿ, ಬೆಂಕಿಯಲ್ಲಿ ಸುಟ್ಟದ್ದು. 25 ಸಾವಿರ ವರ್ಷಕ್ಕಿಂತ ಹಳೆಯದು. ಜನ ಮಡಕೆ ಮಾಡಲು ಕಲಿಯುವುದಕ್ಕೂ ಎಷ್ಟೋ ಮೊದಲು ಅಲ್ಲಿ ಯಾರೋ ನಮ್ಮ ಕಸುಬು ಶುರು ಮಾಡಿದ್ದರು ಮಾರಾಯ್ರೆ! ನಮ್ಮೂರಿಗೆ ಬಾಸೆಲ್ ಮಿಶನ್‌ನವರ ಹಂಚಿನ ಕಾರ್ಖಾನೆ ಬಂದದ್ದು 1865ರಲ್ಲಿ. ಅದನ್ನೇ ನಾವು ಹಳೆಯದು ಅಂತ ಹೇಳಿಕೊಂಡು ತಿರುಗುತ್ತೇವೆ.

ಆ ಗೊಂಬೆಯ ಬೆನ್ನಲ್ಲಿ ಒಂದು ಮಗುವಿನ ಬೆರಳಚ್ಚು ಉಂಟು. ವಯಸ್ಸು 7ರಿಂದ 15ರ ಒಳಗೆ ಇರಬಹುದು ಎಂದು ಪರೀಕ್ಷೆ ಮಾಡಿದವರು ಹೇಳಿದ್ದಾರೆ. ಮಾಡಿದ್ದು ಆ ಮಗುವೋ, ದೊಡ್ಡವರು ಮಾಡಿಟ್ಟದ್ದನ್ನು ಹಸಿ ಇರುವಾಗ ಸುಮ್ನೆ ಎತ್ತಿ ನೋಡಿತೋ, ಯಾರು ಹೇಳುತ್ತಾರೆ? ನಮ್ಮ ಅಡಿಗೆಕೋಣೆಯ ಮಾಡಿನಲ್ಲಿ ಒಂದು ಹಂಚು ಉಂಟು, ಅಡಿಭಾಗದಲ್ಲಿ ನಾಲ್ಕು ಬೆರಳಿನ ಗುರುತು. ಹಸಿ ಹಂಚು ಒಣಗಲು ಇಡುವ ಹೆಂಗಸರಲ್ಲಿ ಯಾರೋ ಒಬ್ಬರು ಬಿಗಿಯಾಗಿ ಹಿಡಿದದ್ದು. ಎರಡನೇ ದರ್ಜೆಗೆ ಹೋಯಿತು, ನಾನು ಮನೆಗೆ ತಂದೆ. ಊಟಕ್ಕೆ ಕುಳಿತಾಗ ಕಣ್ಣು ಅಲ್ಲಿಗೇ ಹೋಗುತ್ತದೆ.

ನಕಲಿನ ಬೆನ್ನು ಮಾತ್ರ ನುಣ್ಣಗೆ ಬೋಳು. ಭೂತಗನ್ನಡಿ ಹಿಡಿದು ನೋಡಿದೆ, ಗೀರೂ ಇಲ್ಲ. ಅಸಲು 11 ಸೆಂ.ಮೀ. ಇದ್ದರೆ ಇದು 15. ತಲೆಯ ಮೇಲಿನ ನಾಲ್ಕು ತೂತು ಸಹ ಮೇಲಿಂದ ಬಣ್ಣದ ಚುಕ್ಕಿ. ಆರರಲ್ಲಿ ಇದೊಂದನ್ನು ನಿಜವಾದ ಮಣ್ಣಿನಲ್ಲೇ ಮಾಡಬಹುದಿತ್ತು, ಖರ್ಚೂ ಕಡಿಮೆ. ಅದನ್ನೇ ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ಎರಕದಲ್ಲಿ ಮಾಡಿ ಕಪ್ಪು ಬಳಿದು ಕಳಿಸಿದ್ದಾರೆ. ಫೋನ್ ಮಾಡಿ ಹೇಳಿದೆ. “ಸರ್, ಫಿನಿಶಿಂಗ್ ಚೆನ್ನಾಗಿರಲಿ ಅಂತ ಹಾಗೆ ಮಾಡಿದ್ದು” ಎಂದರು.

ಅದೇ ಜಾಗದಲ್ಲಿ ಸಾವಿರಾರು ಸುಟ್ಟ ಮಣ್ಣಿನ ಚೂರು ಸಿಕ್ಕಿವೆ. ತುಂಬಾ ಚೂರು ಬೆಂಕಿಯಲ್ಲೇ ಸಿಡಿದದ್ದು. ಬೇಕೆಂದೇ ಹಸಿಯಾಗಿ ಹಾಕಿ ಸಿಡಿಸುತ್ತಿದ್ದರು ಎಂದು ಕೆಲವು ಸಂಶೋಧಕರ ಊಹೆ. ಇದನ್ನು ಮೊಮ್ಮಗಳಿಗೆ ಹೇಳಿದ್ದು ನನ್ನದೇ ತಪ್ಪು. ಹಿತ್ತಿಲ ಆವೆಮಣ್ಣಿನಲ್ಲಿ ಗೊಂಬೆ ಮಾಡಿದಳು, ಬೆನ್ನಿಗೆ ಹೆಬ್ಬೆಟ್ಟು ಒತ್ತಿದಳು, ನಾಲ್ಕು ದಿನ ನೆರಳಲ್ಲಿ ಒಣಗಲಿ ಎಂದರೂ ಕೇಳದೆ ಬಚ್ಚಲ ಒಲೆಗೆ ತಳ್ಳಿದಳು. ಹತ್ತು ನಿಮಿಷಕ್ಕೆ ‘ಫಟ್’. ಬೂದಿ ಎಲ್ಲ ಹೊರಗೆ. ಅವಳಿಗೆ ನಗು ತಡೆಯಲಿಕ್ಕಾಗಲಿಲ್ಲ, ಕೂಡಲೇ ಇನ್ನೊಂದು ಮಾಡಲು ಹೊರಟಳು.

ಸ್ಟೋನ್‌ಹೆಂಜ್ ಪೂರಾ ದಂಡ. ಅಸಲಿನಲ್ಲಿ ನಿಂತ ಕಲ್ಲಿನ ತಲೆಯಲ್ಲಿ ಒಂದು ಗುಬುಟು, ಮೇಲಿನ ಅಡ್ಡಕಲ್ಲಿನಲ್ಲಿ ಅದಕ್ಕೆ ಸರಿಯಾದ ಗುಳಿ. ನಮ್ಮ ಆಚಾರಿಗಳು ಮರದ ಚೌಕಟ್ಟು ಕೂಡಿಸುವ ಹಾಗೆಯೇ. ದೊಡ್ಡ ಕಲ್ಲು ಒಂದೊಂದು ಸುಮಾರು 25 ಟನ್. ಅಂಥ ಕಲ್ಲಿಗೆ ಮರಗೆಲಸದ ಜೋಡಣೆ! ಇಲ್ಲಿ ಗುಬುಟೂ ಇಲ್ಲ ಗುಳಿಯೂ ಇಲ್ಲ, ಬರೀ ಗೋಂದು. ಎರಡು ಅಡ್ಡಕಲ್ಲು ಉದುರಿಯೇ ಬಂದಿದ್ದವು. ನಡುವಿನ ಪೀಠದ ಕಲ್ಲು ವೇಲ್ಸಿನದ್ದು ಎಂದು ಹಾಳೆ ಹೇಳುತ್ತದೆ. ಅದು ಸ್ಕಾಟ್ಲೆಂಡಿನ ಈಶಾನ್ಯ ಭಾಗದಿಂದ ಬಂದದ್ದು, ಸುಮಾರು 750 ಕಿ.ಮೀ. ದೂರದಿಂದ, ಎಂದು 2024ರಲ್ಲೇ ಗೊತ್ತಾಗಿದೆ.

ಒಂದು ಆಸೆ ಹೇಳಿಬಿಡುತ್ತೇನೆ. ನಮ್ಮ ಮೂಡುಬಿದಿರೆ ಹತ್ತಿರದ ಮೂಡು ಕೊಣಾಜೆಯಲ್ಲಿ ಕಲ್ಲುಚಪ್ಪಡಿಯ ಹಳೇ ಗೋರಿಗಳಿವೆ. ಒಂಬತ್ತರಲ್ಲಿ ಎರಡು ಮಾತ್ರ ಸರಿಯಾಗಿ ಉಳಿದಿವೆ. ಅಲ್ಲಿ 2023ರಲ್ಲಿ ಪುರಾತತ್ವ ಸಂಶೋಧಕ ಪ್ರೊ. ಟಿ. ಮುರುಗೇಶಿಯವರಿಗೆ ಸುಟ್ಟ ಮಣ್ಣಿನ ಗೊಂಬೆಗಳು ಸಿಕ್ಕವು. ನವಿಲು, ಕುದುರೆ, ಮಾತೃದೇವತೆ, ಮತ್ತೆ ಮನುಷ್ಯನ ಮೈಗೆ ಗೂಳಿಯ ತಲೆ ಇರುವ ಒಂದು. ಕ್ರಿ.ಪೂ. 800–700ರ ಕಾಲದ್ದು ಎಂದು ಅವರ ಅಂದಾಜು. ಅವುಗಳ ನಕಲನ್ನು ಯಾರಾದರೂ ನಮ್ಮದೇ ಮಣ್ಣಿನಲ್ಲಿ ಮಾಡಿ ಮಾರಿದರೆ ಮೊದಲ ಪೆಟ್ಟಿಗೆ ನನಗೆ. ಬಡಿದು ನೋಡಿಯೇ ತೆಗೆದುಕೊಳ್ಳುವುದು.

ಐದರಲ್ಲಿ ಎರಡು ಸ್ಟಾರ್ ಕೊಡುತ್ತೇನೆ, ಎರಡೂ ವಿಲ್ಲೆನ್‌ಡಾರ್ಫಿನವಳಿಗೆ. ಅವಳೊಬ್ಬಳನ್ನೇ ಬಿಡಿಯಾಗಿ 750 ರೂಪಾಯಿಗೆ ಕೊಡುತ್ತಾರೆ, ಅದನ್ನು ತೆಗೆದುಕೊಳ್ಳಿ. ಸ್ಟೋನ್‌ಹೆಂಜೇ ಬೇಕು ಎನ್ನುವವರಿದ್ದರೆ ನಮ್ಮ ಅಟ್ಟದಲ್ಲಿ ಒಂದು ಉಂಟು. ಫೆವಿಕ್ವಿಕ್ ಹಾಕಿ ಗಟ್ಟಿ ಮಾಡಿಟ್ಟಿದ್ದೇನೆ, ಅರ್ಧ ಬೆಲೆಗೆ ಕೊಡುತ್ತೇನೆ.